ಸೆಕೆಗಾಲದ ಶಿರಸ್ತ್ರಾಣ

ಮನುಷ್ಯನ ತಲೆಯು ಆತನ ಸ್ವಂತ ಸೊತ್ತು ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಅದು ತಪ್ಪು ತಿಳಿವಳಿಕೆ. ಮನೆಯೊಳಗೆ ಇರುವಷ್ಟು ಹೊತ್ತು ಅದು ಹೆಂಡತಿಯದು. ಸ್ಕೂಟರ್ ಹತ್ತಿ ರಸ್ತೆಗೆ ಇಳಿದ ಮೇಲೆ ಅದು ಪೊಲೀಸ್ ಇಲಾಖೆಯದು. ನಡುವೆ, ಅಂಗಳದಿಂದ ಗೇಟಿನವರೆಗಿನ ಅಷ್ಟು ಜಾಗದಲ್ಲಿ ಮಾತ್ರ ಅದು ನಮ್ಮದೆಂದು ಧೈರ್ಯವಾಗಿ ಹೇಳಬಹುದು. ಅಗಲ್ಪಾಡಿಯಿಂದ ಬದಿಯಡ್ಕಕ್ಕೆ ಹೋಗುವ ರಸ್ತೆಯ ಸಕಲ ದ್ವಿಚಕ್ರವಾಹನ ಸವಾರರೂ ಈ ಸಿದ್ಧಾಂತವನ್ನು ಒಪ್ಪಿಕೊಂಡವರು. ಹೆಲ್ಮೆಟ್ ಎಂಬುದು ಪೊಲೀಸರಿಗೆ ತೋರಿಸಬೇಕಾದ ವಸ್ತು. ಪೊಲೀಸರು ಇಲ್ಲದಾಗ ಅದನ್ನು ಧರಿಸುವುದು ಪರೀಕ್ಷೆಯಿಲ್ಲದ ದಿನ ಉತ್ತರ ಬರೆದಷ್ಟೇ ಅನವಶ್ಯಕ ಎಂಬುದು ಅವರ ಭಾವನೆ. ಆದ್ದರಿಂದ ನಮ್ಮಲ್ಲಿ ಹೆಲ್ಮೆಟ್‌ಗಳು ಮೊಣಕೈಯಲ್ಲಿ ತೂಗುತ್ತವೆ, ಕನ್ನಡಿಯ ಕೊಂಬಿಗೆ ಜೋತುಬೀಳುತ್ತವೆ, ಪೆಟ್ರೋಲ್ ಟ್ಯಾಂಕಿನ ಮೇಲೆ ಮುದ್ದಿನ ಮಗುವಿನಂತೆ ಕೂರುತ್ತವೆ. ಮೀನಿನ ಅಂಗಡಿಯಿಂದ ಮರಳುವಾಗ ಅವುಗಳೊಳಗೆ ಬಂಗುಡೆಯೂ ಪ್ರಯಾಣ ಮಾಡುವುದುಂಟು. ತಲೆ ಮಾತ್ರ ಅವುಗಳೊಳಗೆ ಅಪರೂಪ.

ಇದಕ್ಕೆ ಅವರು ಕೊಡುವ ಕಾರಣ ಒಂದೇ, ಸೆಕೆ. ಘಟ್ಟದ ಮೇಲಿನವರಿಗೆ ಈ ಪದದ ಪೂರ್ಣಾರ್ಥ ತಿಳಿಯದು. ಬಿಸಿಲು ಬೇರೆ, ಸೆಕೆ ಬೇರೆ. ಬಿಸಿಲಿನಿಂದ ನೆರಳಿಗೆ ಓಡಿ ಪಾರಾಗಬಹುದು. ಸೆಕೆಯಿಂದ ಓಡಿ ಹೋಗುವ ಜಾಗವನ್ನು ದೇವರು ನಮ್ಮ ಜಿಲ್ಲೆಯಲ್ಲಿ ಇಟ್ಟಿಲ್ಲ. ಏಪ್ರಿಲ್ ತಿಂಗಳಿನಲ್ಲಿ ಸಮುದ್ರದ ಕಡೆಯಿಂದ ಬರುವ ಗಾಳಿಯು ಒದ್ದೆ ಬಟ್ಟೆಯಂತೆ ಮೈಗೆ ಸುತ್ತಿಕೊಳ್ಳುತ್ತದೆ. ಕೆಂಪುಕಲ್ಲಿನ ಪಾರೆಗಳು ಕೆಳಗಿನಿಂದ ಕಾಯಿಸುತ್ತವೆ. ಆ ಹೊತ್ತಿನಲ್ಲಿ ತಲೆಯನ್ನು ಮುಚ್ಚಿದ ಪಾತ್ರೆಯೊಳಗೆ ಇಡುವುದೆಂದರೆ ಏನೆಂದು ಇಡ್ಲಿಯನ್ನು ಕೇಳಬೇಕು. ಇದೆಲ್ಲ ನನಗೂ ಗೊತ್ತು. ಗೊತ್ತಿದ್ದೂ ನಾನು ಹೆಲ್ಮೆಟನ್ನು ಗದ್ದದ ಪಟ್ಟಿ ಬಿಗಿದು, ಪೂರ್ಣ ತೋಳಿನ ಅಂಗಿ ತೊಟ್ಟು, ಬೂಟು ಹಾಕಿಕೊಂಡೇ ಹೊರಡುವವನು. ವಾಹನ ಓಡಿಸುವವನ ಕ್ಷೇಮಕ್ಕೆ ಮೊದಲ ಹೊಣೆಗಾರನು ಓಡಿಸುವವನೇ; ಸರಕಾರವಲ್ಲ, ಪೊಲೀಸನಲ್ಲ, ಕನ್ನಡಿಗೆ ಕಟ್ಟಿದ ಜಪಮಾಲೆಯೂ ಅಲ್ಲ. ಈ ವಾಕ್ಯವನ್ನು ತರಗತಿಯಲ್ಲಿ ಎಷ್ಟೋ ವರ್ಷ ಶುದ್ಧಬರಹಕ್ಕೆ ಕೊಟ್ಟವನು ನಾನು. ಕೊಟ್ಟವನೇ ಪಾಲಿಸದಿದ್ದರೆ ಹೇಗೆ?

ನಾನು ಗಡಿನಾಡಿನ ಕನ್ನಡ ಶಾಲೆಯಲ್ಲಿ ಮಾಸ್ಟ್ರಾಗಿದ್ದವನು. ಕೆಲಸವನ್ನು ಅವಧಿಗೆ ಮುನ್ನವೇ ಬಿಟ್ಟು, ಈಗ ಬದಿಯಡ್ಕದಲ್ಲಿ ಪಿ.ಎಸ್.ಸಿ. ಪರೀಕ್ಷೆಗೆ ಕೂರುವವರಿಗೆ ಕನ್ನಡ ವ್ಯಾಕರಣ ಹೇಳಿಕೊಡುತ್ತೇನೆ. ತರಗತಿಯು ಮಧ್ಯಾಹ್ನಕ್ಕೆ. ಬೆಳಗ್ಗೆ ಸಭಾಂಗಣ ಸಿಗುವುದಿಲ್ಲ, ಸಂಜೆ ಅಭ್ಯರ್ಥಿಗಳು ಸಿಗುವುದಿಲ್ಲ. ಆದ್ದರಿಂದ ವಿವೇಕವುಳ್ಳ ಹಸುಗಳೂ ಮರದಡಿ ಮಲಗಿರುವ ಹೊತ್ತಿನಲ್ಲಿ ನಾನು ಸ್ಕೂಟರ್ ಏರುತ್ತೇನೆ. ದಾರಿಯ ಒಂದು ತಿರುವಿನಲ್ಲಿ ‘ಅಪಕಟ ವಲಯ’ ಎಂಬ ಫಲಕವಿದೆ. ಯಾರೋ ಪುಣ್ಯಾತ್ಮರು ಅಪಘಾತಕ್ಕಿರುವ ಮಲಯಾಳದ ಪದವನ್ನು ಎತ್ತಿ, ಹಾಗೆಯೇ ಕನ್ನಡ ಲಿಪಿಯಲ್ಲಿ ನೆಟ್ಟಿದ್ದಾರೆ. ಒಮ್ಮೆ ಸೀಮೆಸುಣ್ಣದಿಂದ ಅದನ್ನು ತಿದ್ದಲು ಸ್ಕೂಟರನ್ನು ಸರಿಯಾಗಿ ತಿರುವಿನಲ್ಲೇ ನಿಲ್ಲಿಸಿದೆ; ಎದುರಿನಿಂದ ಬಂದ ಜೀಪಿನವನು ಬ್ರೇಕ್ ಒತ್ತಿ, ತಲೆ ಹೊರಗೆ ಹಾಕಿ, “ಮಾಸ್ಟ್ರೇ, ಅಪಕಟ ಬೋರ್ಡಿನಲ್ಲಿ ಉಂಟಲ್ಲ, ನೀವೇ ಯಾಕೆ ಅದು ಆಗ್ಲಿಕ್ಕೆ ಹೋಗ್ತೀರಿ?” ಎಂದು ಕೇಳಿದ್ದ. ಅಂದಿನಿಂದ ಆ ಫಲಕವನ್ನು ಓಡುತ್ತಲೇ ಮನಸ್ಸಿನಲ್ಲಿ ತಿದ್ದಿಕೊಳ್ಳುತ್ತೇನೆ.

ನನ್ನ ಸ್ಕೂಟರಿಗೆ ಇಬ್ಬರು ಶತ್ರುಗಳು. ಒಬ್ಬಳು ನನ್ನ ಹೆಂಡತಿ ಐರಿನ್, ಇನ್ನೊಬ್ಬ ಅವಳ ತಮ್ಮ ರಾಬರ್ಟ್. ರಾಬರ್ಟನದು ಆಸೆಯಿಂದ ಹುಟ್ಟಿದ ಶತ್ರುತ್ವ. ಅವನಿಗೆ ಆ ಸ್ಕೂಟರ್ ಬೇಕು. ಐರಿನ್‌ಳದು ಭಯದಿಂದ ಹುಟ್ಟಿದ್ದು. ಕಳೆದ ಸೆಕೆಗಾಲದಲ್ಲಿ ನಾನು ಅಂಗಳದಲ್ಲಿ ಅಡಕೆ ಹರಡುತ್ತಿದ್ದಾಗ ಕಣ್ಣು ಕತ್ತಲೆಗಟ್ಟಿ ಅಡಕೆಯ ಮೇಲೆಯೇ ಕುಳಿತುಬಿಟ್ಟೆ. ಬಿದ್ದೆನೆಂದು ಆಕೆ ಹೇಳುತ್ತಾಳೆ; ಕುಳಿತೆನೆಂಬುದು ನನ್ನ ನಿಲುವು. ಅಂದು ಅವಳು, “ಸಾಯ್ಬಾ, ದೇವರೇ! ಅಂಗಳದಲ್ಲಿ ಹೀಗಾದರೆ ರಸ್ತೆಯಲ್ಲಿ ಎಂತ ಗತಿ?” ಎಂದು ಎದೆಗೆ ಕೈಯಿಟ್ಟುಕೊಂಡವಳು, ಮರುದಿನ ಶಾಸನವನ್ನು ಘೋಷಿಸಿದಳು. “ಸ್ಕೂಟರಿನಲ್ಲಿ ಹೋಗುವಾಗ ಒಂದೇ ಒಂದು ಸಲ ತಲೆ ತಿರುಗಿತೆಂದು ನನ್ನ ಕಿವಿಗೆ ಬೀಳಲಿ, ಆ ದಿನವೇ ಕೀ ರಾಬರ್ಟನ ಕೈಗೆ. ನಿಮಗೆ ಬಸ್ಸು.” ಮಧ್ಯಾಹ್ನದ ಬಸ್ಸೆಂದರೆ ತನ್ನ ಇಷ್ಟದ ಹೊತ್ತಿಗೆ ಬಂದು, ಇಷ್ಟವಿಲ್ಲದ ದಿನ ಬಾರದೆ ಇರುವ ಸ್ವತಂತ್ರ ಜೀವಿ. ಬಸ್ಸನ್ನು ನಂಬಿದರೆ ತರಗತಿಯೂ ಇಲ್ಲ, ನಾನೂ ಇಲ್ಲ. ಶಾಲೆಯನ್ನು ಬಿಟ್ಟವನಿಗೆ ಉಳಿದಿರುವ ಕರಿಹಲಗೆ ಅದೊಂದೇ. ಆದ್ದರಿಂದ ನಾನೂ ಒಂದು ನಿರ್ಧಾರವನ್ನು ಮಾಡಿದೆ: ಹೆಲ್ಮೆಟನ್ನೂ ಬಿಡುವುದಿಲ್ಲ, ಸ್ಕೂಟರನ್ನೂ ಬಿಡುವುದಿಲ್ಲ, ತಲೆಯನ್ನು ತಿರುಗಲೂ ಬಿಡುವುದಿಲ್ಲ.

ಇಲ್ಲಿ ನಮ್ಮ ರಸ್ತೆಯ ಒಂದು ಸಂಪ್ರದಾಯವನ್ನು ವಿವರಿಸಬೇಕು. ಮುಂದೆ ಎಲ್ಲಿಯಾದರೂ ಪೊಲೀಸರು ನಿಂತು ತಪಾಸಣೆ ಮಾಡುತ್ತಿದ್ದರೆ, ಆ ಕಡೆಯಿಂದ ಬರುವವರು ಈ ಕಡೆಯಿಂದ ಹೋಗುವವರಿಗೆ ಅಂಗೈಯಿಂದ ತಮ್ಮ ತಲೆಯನ್ನು ತಟ್ಟಿ ತೋರಿಸುತ್ತಾರೆ. ಜಾತಿ, ಮತ, ಪಕ್ಷ, ಭಾಷೆ ಯಾವುದೂ ಇದಕ್ಕೆ ಅಡ್ಡಬರುವುದಿಲ್ಲ. ಗಡಿ ಜಗಳದಲ್ಲಿ ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣತಮ್ಮಂದಿರು ಕೂಡ ರಸ್ತೆಯಲ್ಲಿ ಪರಸ್ಪರ ತಲೆ ತಟ್ಟಿಕೊಂಡದ್ದನ್ನು ನಾನು ಕಂಡಿದ್ದೇನೆ. ಸಂಜ್ಞೆ ಸಿಕ್ಕಿದ ಕೂಡಲೇ ಮೊಣಕೈಯ ಹೆಲ್ಮೆಟ್ ತಲೆಗೇರುತ್ತದೆ. ತಪಾಸಣೆಯ ಜಾಗ ದಾಟಿದ ಮೇಲೆ ಕೆಳಗಿಳಿಯುತ್ತದೆ. ಇಂಥ ಸುವ್ಯವಸ್ಥಿತ ಲೋಕದೊಳಗೆ ನಾನು ನಿತ್ಯ ಹೆಲ್ಮೆಟ್ ಧರಿಸಿ ನುಗ್ಗಿದ್ದರಿಂದ ದೊಡ್ಡ ಗೊಂದಲವುಂಟಾಯಿತು. ಅದು ನನಗೆ ತಿಳಿದದ್ದು ಒಂದು ಭಾನುವಾರ, ಸಂಜೀವಣ್ಣನ ಮುಂದಾಳತ್ವದಲ್ಲಿ ನೆರೆಕರೆಯ ಒಂದು ನಿಯೋಗವು ನಮ್ಮ ಜಗಲಿಗೆ ಬಂದಾಗ.

ಸಂಜೀವಣ್ಣ ಗಲ್ಫಿನಿಂದ ಮರಳಿದವನು. ಅಲ್ಲಿ ಲಾರಿ ಓಡಿಸುತ್ತಿದ್ದ ಕಾಲದಲ್ಲಿ ಸೀಟ್ ಬೆಲ್ಟ್ ಕಟ್ಟದೆ ಕೀ ತಿರುಗಿಸಿದವನಲ್ಲ. ಇಲ್ಲಿಗೆ ಬಂದ ಮೇಲೆ ಬೆಲ್ಟನ್ನೂ ಹೆಲ್ಮೆಟನ್ನೂ ಒಟ್ಟಿಗೆ ತ್ಯಜಿಸಿದ. ಯಾಕೆಂದು ನಾನು ಕೇಳಿದ್ದಕ್ಕೆ, “ಅಲ್ಲಿ ಕ್ಯಾಮರಾ ಉಂಟು ಮಾಸ್ಟ್ರೇ, ಇಲ್ಲಿ ದೇವರು ಉಂಟು” ಎಂದಿದ್ದ. ಅಂದು ಅವನು ಐರಿನ್ ಕೊಟ್ಟ ಪುನರ್ಪುಳಿ ಶರಬತ್ತನ್ನು ಕುಡಿದು, ಲೋಟವನ್ನು ಗೌರವದಿಂದ ಕೆಳಗಿಟ್ಟು ಮಾತು ಆರಂಭಿಸಿದ.

“ಮಾಸ್ಟ್ರೇ, ಒಂದು ವಿಷಯ ಉಂಟು. ಬೇಜಾರು ಮಾಡ್ಬಾರ್ದು. ನೀವು ಊರಿಗೆ ಸುಳ್ಳು ಸುದ್ದಿ ಹಬ್ಬಿಸ್ತಾ ಇದ್ದೀರಿ.”

ಜೀವನದಲ್ಲಿ ಅಲ್ಪಪ್ರಾಣಕ್ಕೆ ಮಹಾಪ್ರಾಣವನ್ನೂ ಸುಳ್ಳಾಗಿ ಹಚ್ಚದವನು ನಾನು. “ಯಾವ ಸುದ್ದಿ?” ಎಂದೆ.

“ನೀವು ಹೆಲ್ಮೆಟ್ ಹಾಕಿ ಎದುರಿಂದ ಬರುವಾಗ ನಾವೆಂತ ತಿಳ್ಕೊಳ್ಳುವುದು? ಬದಿಯಡ್ಕದಲ್ಲಿ ಚೆಕಿಂಗ್ ಉಂಟು ಅಂತ ತಾನೇ? ಗಡಿಬಿಡಿಯಲ್ಲಿ ನಾವೂ ಹಾಕ್ತೇವೆ, ಸೆಕೆಯಲ್ಲಿ ಬೇಯ್ತೇವೆ. ಅಲ್ಲಿ ಹೋಗಿ ನೋಡಿದ್ರೆ ಪೊಲೀಸಿನ ಟೋಪಿ ಸಹ ಇಲ್ಲ. ಇದೆಂತ ನ್ಯಾಯ ಮಾರಾಯ್ರೆ?”

“ನಾನು ಧರಿಸುವುದು ನನ್ನ ತಲೆಯ ರಕ್ಷಣೆಗೆ.”

“ಧರಿಸಿ, ಬೇಡ ಹೇಳಿದ್ದು ಯಾರು? ಪೊಲೀಸ್ ಇಲ್ಲದ ದಿನ ಬೇರೆ ಬಣ್ಣದ್ದು ಧರಿಸಿ.”

ನಿಯೋಗವು ಗಂಭೀರವಾಗಿ ತಲೆಯಾಡಿಸಿತು. ಐರಿನ್ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ನಾನು ಮೇಲೆದ್ದು ನಿಂತು, ಹೆಲ್ಮೆಟ್ ಒಂದೇ, ಬಣ್ಣ ಒಂದೇ, ಪ್ರತಿದಿನವೂ ಅದೇ, ಯಾರ ಸಲಹೆಯಿಂದಲೂ ಅದು ಬದಲಾಗುವುದಿಲ್ಲ ಎಂದು ಘೋಷಿಸಿದೆ. ಅವರು ನನ್ನನ್ನು ಬದಲಾಯಿಸಲಾಗದೆ ಸಂಪ್ರದಾಯಕ್ಕೇ ಒಂದು ತಿದ್ದುಪಡಿ ತಂದರು: ಮಾಸ್ಟ್ರ ಹೆಲ್ಮೆಟನ್ನು ನಂಬಬಾರದು, ಮಾಸ್ಟ್ರು ಕೈಯೆತ್ತಿ ತಲೆ ಮುಟ್ಟಿದರೆ ಮಾತ್ರ ನಂಬಬೇಕು. “ಮುಟ್ಟಿದ್ರೆ ಮತ್ತೆ ಪ್ರಶ್ನೆಯೇ ಇಲ್ಲ,” ಎಂದು ಸಂಜೀವಣ್ಣ ಗೇಟಿನ ಬಳಿ ಹೇಳುತ್ತಿದ್ದುದು ಕೇಳಿಸಿತು, “ಸುಳ್ಳು ಹೇಳುವ ಜನ ಅಲ್ಲ ಅವರು.” ನಾನು ಎಂದೂ ಯಾರಿಗೂ ತಲೆ ತಟ್ಟಿ ತೋರಿಸಿದವನಲ್ಲವಾದ್ದರಿಂದ ಇದರಿಂದ ನನಗೇನೂ ತೊಂದರೆಯಿಲ್ಲವೆಂದು ಭಾವಿಸಿದೆ.

ಆ ದಿನವು ಏಪ್ರಿಲ್‌ನ ಕೊನೆಯ ವಾರದಲ್ಲಿ ಬಂತು. ಪರೀಕ್ಷೆ ಹತ್ತಿರವಾಗಿದ್ದುದರಿಂದ ಬೆಳಗ್ಗೆಯಿಂದ ಸಮಾಸಗಳ ಟಿಪ್ಪಣಿಯಲ್ಲಿ ಮುಳುಗಿದ್ದೆ. ಐರಿನ್ ಮಜ್ಜಿಗೆ ತಂದಿಟ್ಟಳು. ಅದು ಆರಿ ಬಿಸಿಯಾಯಿತು, ಅಷ್ಟು ಸೆಕೆ. ಕುಡಿಯಲು ಮರೆತೆ. ಹೆಲ್ಮೆಟಿನ ಪಟ್ಟಿ, ಅಂಗಿಯ ತೋಳು, ಬೂಟಿನ ಗಂಟು ಎಲ್ಲವನ್ನೂ ಪರಿಶೀಲಿಸಿ ಹೊರಟೆನಾದರೂ, ಅವುಗಳೊಳಗೆ ಇರುವ ಮನುಷ್ಯನನ್ನು ಪರಿಶೀಲಿಸಲಿಲ್ಲ. ನೀರಿನ ಬಾಟಲಿಯ ತಳದಲ್ಲಿ ಹಿಂದಿನ ದಿನದ ಒಂದು ಗುಟುಕು ಮಾತ್ರ ಉಳಿದಿತ್ತು. ಗೇರು ಗುಡ್ಡೆಯನ್ನು ದಾಟಿ ಪಾರೆಯ ಮೇಲಿನ ನೇರ ರಸ್ತೆಗೆ ಬಂದಾಗ ಮೊದಲು ಬೆವರು ನಿಂತಿತು. ಅಬ್ಬಾ, ಸೆಕೆ ಕಡಮೆಯಾಯಿತೆಂದು ಸಂತೋಷಪಟ್ಟೆ. ಆಮೇಲೆ ಕಿವಿಯೊಳಗೆ ಜೇನುಹುಳುಗಳು ಸೇರಿಕೊಂಡವು. ತಿರುವು ಬಂತು, ಅಪಕಟದ ಫಲಕವೂ ಬಂತು. ಆದರೆ ಅಂದು ಫಲಕಗಳು ಎರಡಿದ್ದವು, ಮತ್ತು ಎರಡರ ಕಾಗುಣಿತವೂ ನನಗೆ ಸರಿಯಾಗಿಯೇ ಕಂಡಿತು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ.

ಸ್ಕೂಟರನ್ನು ನಿಲ್ಲಿಸಿದರೆ ತಲೆ ತಿರುಗಿದ್ದು ಒಪ್ಪಿದಂತಾಗುತ್ತದೆ. ಒಪ್ಪಿದರೆ ಕೀ ರಾಬರ್ಟನಿಗೆ. ನಿಲ್ಲಿಸದಿದ್ದರೆ ಇನ್ನು ಸ್ವಲ್ಪವೇ ದೂರ, ಇಳಿಜಾರು, ಆಮೇಲೆ ಬದಿಯಡ್ಕ. ಚಕ್ರಗಳು ಉರುಳುತ್ತಿರುವಾಗಲೇ ಈ ವಾದವಿವಾದ ನಡೆಯಿತು. ಗದ್ದದ ಪಟ್ಟಿ ಬಿಗಿದುಕೊಂಡ ಮಾತ್ರಕ್ಕೆ ಹೊಣೆಗಾರಿಕೆ ಮುಗಿಯಿತೆಂದು ತಿಳಿದಿದ್ದ ನನಗೆ, ಆ ಪಟ್ಟಿಯ ಮೇಲಿನ ಭಾಗವೇ ಕೆಲಸ ನಿಲ್ಲಿಸಿದರೆ ಹೆಲ್ಮೆಟ್ ಬರಿಯ ಪಾತ್ರೆಯೆಂದು ಅಂದು ಹೊಳೆಯಿತು. ಎದುರಿನಿಂದ ಬರುವವನ ಹೆಂಡತಿಮಕ್ಕಳೂ ನೆನಪಾದರು. ಎಡಬದಿಯ ದೊಡ್ಡ ಗೇರುಮರದ ಕೆಳಗೆ ಸ್ಕೂಟರನ್ನು ನಿಲ್ಲಿಸಿ, ಸ್ಟ್ಯಾಂಡ್ ಹಾಕಿ, ಕೆಂಪುಕಲ್ಲಿನ ತಗ್ಗು ಗೋಡೆಯ ಮೇಲೆ ಕುಳಿತೆ. ಈ ಸಲ ನಿಸ್ಸಂದೇಹವಾಗಿ ಕುಳಿತದ್ದೇ, ಬಿದ್ದದ್ದಲ್ಲ. ಹೆಲ್ಮೆಟ್ ತೆಗೆದು ಮಡಿಲಲ್ಲಿಟ್ಟೆ. ಬಾಟಲಿಯ ಕೊನೆಯ ಗುಟುಕನ್ನು ಕುಡಿಯಬೇಕಾದವನು ಬುದ್ಧಿಗೆಟ್ಟು ಬೆವರೊರಸುವ ಬೈರಾಸಿನ ಮೇಲೆ ಸುರಿದು, ಆ ಒದ್ದೆ ಬೈರಾಸನ್ನು ನೆತ್ತಿಗೆ ಒತ್ತಿಕೊಂಡೆ. ಬೈರಾಸು ಜಾರುತ್ತಿತ್ತು. ಆದ್ದರಿಂದ ಅಂಗೈಯಿಂದ ಆಗಾಗ ತಟ್ಟಿಕೊಳ್ಳುತ್ತಿದ್ದೆ.

ಬದಿಯಡ್ಕದ ಕಡೆಗೆ ಹೋಗುತ್ತಿದ್ದ ಮೊದಲ ಬೈಕು ನನ್ನನ್ನು ಕಂಡದ್ದೇ ವೇಗ ತಗ್ಗಿಸಿತು. ದೇವರು ದೊಡ್ಡವನೆಂದುಕೊಂಡೆ. ಸವಾರನು ಕನ್ನಡಿಯಿಂದ ಹೆಲ್ಮೆಟ್ ಬಿಡಿಸಿ, ತಲೆಗೇರಿಸಿ, “ಥ್ಯಾಂಕ್ಸ್ ಮಾಸ್ಟ್ರೇ!” ಎಂದು ಕೈಬೀಸಿ ಹೊರಟುಹೋದ. ಎರಡನೆಯದರಲ್ಲಿ ಗಂಡಹೆಂಡತಿ, ಹೆಂಡತಿ ಹಿಂದೆ ಕುಳಿತು ಕೊಡೆ ಬಿಡಿಸಿ ಗಂಡನ ತಲೆಗೂ ನೆರಳು ಕೊಡುತ್ತಿದ್ದಳು. ಅವಳು ಅವಸರದಿಂದ ಕೊಡೆ ಮಡಚಿದಳು, ಅವನು ಹೆಲ್ಮೆಟ್ ಧರಿಸಿದ, ಇಬ್ಬರೂ ನನಗೆ ನಮಸ್ಕರಿಸಿ ಮುಂದೆ ಸಾಗಿದರು. ನಾನು ಕೂಗಲು ಬಾಯಿ ತೆರೆದೆ. ‘ದಯವಿಟ್ಟು ತಾವು ಒಂದು ನಿಮಿಷ ನಿಂತು ನನಗೆ ಕುಡಿಯಲು ನೀರನ್ನು ಒದಗಿಸಬೇಕಾಗಿ ವಿನಂತಿ’ ಎಂಬ ವಾಕ್ಯವು ಮನಸ್ಸಿನಲ್ಲಿ ಸಿದ್ಧವಾಗಿತ್ತು. ಒಣಗಿದ ನಾಲಗೆಯ ಮೇಲೆ ಅದರ ಒಂದು ಪದವೂ ನಿಲ್ಲಲಿಲ್ಲ. ಅಷ್ಟರಲ್ಲಿ ಸಂಜೀವಣ್ಣ ಬಂದ. ಬೈಕನ್ನು ನನ್ನ ಪಕ್ಕದಲ್ಲೇ ನಿಲ್ಲಿಸಿ, ಬಗ್ಗಿ, ಗುಟ್ಟಿನ ದನಿಯಲ್ಲಿ ಕೇಳಿದ, “ಎಲ್ಲಿ? ಇಳಿಜಾರಿನಲ್ಲಾ? ಎಸ್.ಐ. ಸಹ ಉಂಟಾ?”

ನಾನು ತುಟಿಯಲ್ಲಾಡಿಸಿದೆ.

“ಮಾತಾಡ್ಬೇಡಿ, ಮಾತಾಡ್ಬೇಡಿ! ಅವರು ಎಲ್ಲಿಂದ ನೋಡ್ತಾರೆ ಅಂತ ಹೇಳ್ಲಿಕ್ಕಾಗುದಿಲ್ಲ. ನೀವು ಇಲ್ಲಿ ಕೂತು ಇಷ್ಟು ಉಪಕಾರ ಮಾಡುದೇ ದೊಡ್ಡದು,” ಎಂದು ಬೈಕನ್ನು ತಳ್ಳಿಕೊಂಡು ರಸ್ತೆಯಾಚೆಗಿನ ಮಾವಿನ ಮರದಡಿಗೆ ಹೋದ. ಅವನ ಲೈಸೆನ್ಸ್ ಮನೆಯಲ್ಲಿತ್ತೆಂದು ಕಾಣುತ್ತದೆ. ಅವನನ್ನು ನೋಡಿ ಇನ್ನೊಬ್ಬ ನಿಂತ, ಅವನನ್ನು ನೋಡಿ ಮತ್ತೊಬ್ಬ. ಪೊಲೀಸರು ತೆರಳುವವರೆಗೆ ಕಾಯುವುದೆಂದು ಅವರೊಳಗೆ ತೀರ್ಮಾನವಾಯಿತು. ನಿಂತ ಬೈಕುಗಳ ಮೇಲೆ, ಮರದ ನೆರಳಿನಲ್ಲಿ, ಎಲ್ಲರೂ ಹೆಲ್ಮೆಟ್ ಬಿಗಿದುಕೊಂಡು ಕುಳಿತ ಒಂದು ಮಹಾಸಭೆಯನ್ನು ನಾನು ಮಂಜುಗಣ್ಣಿನಿಂದ ಕಂಡೆ. ಎಷ್ಟು ವರ್ಷಗಳ ಉಪದೇಶಕ್ಕೂ ಆಗದ ಕೆಲಸವಿದು. ಹರ್ಷಪಡಲು ಮಾತ್ರ ಶಕ್ತಿಯಿರಲಿಲ್ಲ. ನಾನು ಸಹಾಯಕ್ಕಾಗಿ ಕೈಯೆತ್ತಿದೆ. ಸಭೆಯೂ ಕೃತಜ್ಞತೆಯಿಂದ ಕೈಯೆತ್ತಿತು.

ಕೊನೆಗೆ ನಿಜವಾದ ಪೊಲೀಸ್ ಜೀಪೇ ಬಂತು. ತಪಾಸಣೆಗಲ್ಲ, ತನ್ನ ಪಾಡಿಗೆ ಎಲ್ಲಿಗೋ ಹೋಗುತ್ತಿದ್ದುದು. ಚಲಿಸದ ವಾಹನಗಳ ಮೇಲೆ ಹೆಲ್ಮೆಟ್ ಧರಿಸಿ ಕುಳಿತವರನ್ನು ಕಂಡು ಯಾವ ಪೊಲೀಸನಿಗಾದರೂ ಸಂಶಯ ಬಾರದೆ ಇರುತ್ತದೆಯೇ? ಜೀಪು ನಿಂತಿತು. ಒಬ್ಬ ಹಿರಿಯ ಪೊಲೀಸ್ ಇಳಿದು ಬಂದು, ತಲೆ ತಟ್ಟಿಕೊಳ್ಳುತ್ತಿದ್ದ ನನ್ನ ಕೈಯನ್ನು ಹಿಡಿದು, “ಎಂದಾ ಮಾಷೇ, ಸಿಗ್ನಲಾ?” ಎಂದು ಮಲಯಾಳದಲ್ಲಿ ಗದರಿಸಿದವನು, ಆ ಕೈಯ ಕಾವನ್ನು ಗಮನಿಸಿ, ನನ್ನ ಕಣ್ಣನ್ನು ನೋಡಿ, ಸ್ವರವನ್ನು ಇಳಿಸಿ ಚಾಲಕನನ್ನು ನೀರು ತರಲು ಕೂಗಿದ. ಆಮೇಲೆ ಇಬ್ಬರೂ ಸೇರಿ ನನ್ನನ್ನು ಎತ್ತಿ ಜೀಪಿನೊಳಗೆ ಕೂರಿಸಿದರು. ರಸ್ತೆಯಾಚೆಯಿಂದ ಸಂಜೀವಣ್ಣನ ದುಃಖದ ಉದ್ಗಾರ ಕೇಳಿಸಿತು: “ಅಯ್ಯೋ, ಮಾಸ್ಟ್ರನ್ನೇ ಹಿಡಿದ್ರು ಮಾರಾಯ! ನೋಡು, ತಲೆಯಲ್ಲಿ ಹೆಲ್ಮೆಟ್ಟೇ ಇಲ್ಲ!”

ಬದಿಯಡ್ಕದ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ನನ್ನನ್ನು ಫ್ಯಾನಿನಡಿ ಮಲಗಿಸಿ, ಕೈಗೆ ಸೂಜಿ ಚುಚ್ಚಿ ಬಾಟಲಿ ಏರಿಸಿ, ಸಂಜೆಗೆ ಬಿಟ್ಟರು. ನಾನು ಬಸ್ಸಿನಲ್ಲಿ ಮನೆಗೆ ತಲುಪುವುದಕ್ಕೆ ಬಹಳ ಮುಂಚೆಯೇ ಸಂಜೀವಣ್ಣ ಗೇರುಮರದಡಿಯ ಸ್ಕೂಟರನ್ನೂ ಹೆಲ್ಮೆಟನ್ನೂ ಸುದ್ದಿಯನ್ನೂ ಅಲ್ಲಿಗೆ ತಲುಪಿಸಿದ್ದ. ಐರಿನ್ ಜಗಲಿಯಲ್ಲಿ ನಗುತ್ತ ನಿಂತಿದ್ದಳು. “ಇಡೀ ಊರಿಗೆ ಪಾಠ ಹೇಳುವವರು ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದಿರಾ?”

“ಇಲ್ಲ ಐರಿನ್. ನನಗೆ ತಲೆ ಸುತ್ತಿತು. ಪೊಲೀಸರು ಆಸ್ಪತ್ರೆಗೆ ಕರೆದುಕೊಂಡು ಹೋದರು.”

“ಪೊಲೀಸರಾ? ಆಸ್ಪತ್ರೆಗಾ?” ಅವಳ ನಗು ಹೆಚ್ಚಾಯಿತು. “ಕಥೆ ಕಟ್ಟುವುದಾದರೆ ಸ್ವಲ್ಪ ಸರಿಯಾಗಿ ಕಟ್ಟಿ. ಮರ್ಯಾದೆ ಹೋಯಿತೆಂದು ಇಲ್ಲದ ರೋಗ ಹೇಳಬೇಡಿ. ಈ ಸೆಕೆಯಲ್ಲಿ ಅದನ್ನು ತೆಗೆದಿಟ್ಟದ್ದೇ ಒಳ್ಳೆಯದಾಯಿತು. ಅಷ್ಟಾದರೂ ಬುದ್ಧಿ ಬಂತಲ್ಲ.”

ಇಲ್ಲಿಗೆ ನಾನು ಬಾಯಿ ಮುಚ್ಚಬೇಕಾಗಿತ್ತು. ಸತ್ಯವನ್ನು ಹೇಳಿಯಾಗಿತ್ತು, ಕೇಳಿದವಳು ನಂಬದಿದ್ದರೆ ಅದು ನನ್ನ ದೋಷವಲ್ಲ. ಸ್ಕೂಟರ್ ಸುರಕ್ಷಿತ, ತರಗತಿ ಸುರಕ್ಷಿತ, ರಾಬರ್ಟ್ ದೂರ. ಬೇರೆ ಯಾರಾದರೂ ಆಗಿದ್ದರೆ ಆ ದಿನ ಕೋಳಿಪದಾರ್ಥ ಮಾಡಿಸಿ ಉಣ್ಣುತ್ತಿದ್ದರು. ನನಗೆ ಮಾತ್ರ ಅನ್ನ ಇಳಿಯಲಿಲ್ಲ. ಮರುದಿನದಿಂದ ಊರಿನವರ ಪ್ರೀತಿಯು ಸೆಕೆಗಿಂತ ಅಸಹ್ಯವಾಯಿತು. ಕಂಡವರೆಲ್ಲ ಬೆನ್ನು ತಟ್ಟುವವರೇ. “ಬೇಜಾರು ಮಾಡ್ಬೇಡಿ ಮಾಸ್ಟ್ರೇ, ಎಲ್ಲರಿಗೂ ಒಂದು ದಿನ ಆಗ್ತದೆ,” ಎಂದ ಸಂಜೀವಣ್ಣ, “ಒಂದು ಲೆಕ್ಕಕ್ಕೆ ಒಳ್ಳೆದೇ ಆಯ್ತು. ನೀವೀಗ ನಮ್ಮ ಜನ.” ನಡೆದದ್ದನ್ನು ಆದಿಯಿಂದ ಅಂತ್ಯದವರೆಗೆ ಅವನಿಗೆ ವಿವರಿಸಿದೆ. ಅವನು ಕಣ್ಣು ಮಿಟುಕಿಸಿ, “ಹೌದೌದು, ತಲೆಸುತ್ತು. ಮುಂದಿನ ಸಲ ನಾನೂ ಅದೇ ಹೇಳ್ತೇನೆ,” ಎಂದ.

ಅದು ಸಹಿಸಲಸಾಧ್ಯವಾಯಿತು. ತಲೆ ತಿರುಗಿದಾಗ ವಾಹನವನ್ನು ನಿಲ್ಲಿಸಿದ್ದು ನನ್ನ ಜೀವನದ ಅತ್ಯಂತ ಜವಾಬ್ದಾರಿಯ ಕೆಲಸ. ಅದನ್ನೇ ಊರು ನನ್ನ ಪತನವೆಂದು ಹೇಳುತ್ತಿದೆ. ಹೊರಗಿನವರು ಹಾಳಾಗಲಿ, ಹೆಂಡತಿಯಾದರೂ ನಂಬಬೇಕೆಂದು ಹಟ ತೊಟ್ಟೆ. ಬೆಳಗ್ಗೆ ವಾದಿಸಿದೆ, ಊಟಕ್ಕೆ ಕುಳಿತಾಗ ವಾದಿಸಿದೆ, ಸಂಜೆಯ ಪ್ರಾರ್ಥನೆ ಮುಗಿದ ಕೂಡಲೇ ಉಳಿದ ವಾದವನ್ನು ಮುಂದುವರಿಸಿದೆ. ಕೊನೆಗೆ, ಬೇಡ ಬೇಡವೆನ್ನುತ್ತಿದ್ದವಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಬದಿಯಡ್ಕಕ್ಕೆ ಹೋಗಿ, ಡಾಕ್ಟರಮ್ಮನ ಮುಂದೆ ನಿಲ್ಲಿಸಿ, “ಇವಳಿಗೆ ನಿಜವನ್ನು ಹೇಳಿ” ಎಂದೆ.

ಡಾಕ್ಟರಮ್ಮ ಹೇಳಿದರು. ಮೈಯಲ್ಲಿ ನೀರೇ ಇರಲಿಲ್ಲ ಎಂದರು. ಸಮಯಕ್ಕೆ ಗಾಡಿ ನಿಲ್ಲಿಸಿದ್ದು ಪುಣ್ಯ ಎಂದರು. ಇನ್ನು ಸ್ವಲ್ಪ ದೂರ ಓಡಿಸಿದ್ದರೆ ನಾವು ಇಲ್ಲಿ ಹೀಗೆ ಮಾತನಾಡುತ್ತಿರಲಿಲ್ಲ ಎಂದರು. ಪ್ರತಿ ವಾಕ್ಯಕ್ಕೂ ನಾನು ಐರಿನ್‌ಳ ಮುಖವನ್ನು ವಿಜಯದಿಂದ ನೋಡಿದೆ. “ಕೇಳಿದೆಯಾ? ಕೇಳಿದೆಯಾ?” ಎಂದೆ. ಅವಳ ಮುಖದಿಂದ ನಗು ಇಳಿದುಹೋಯಿತು. ಬಸ್ಸಿನಲ್ಲಿ ನನ್ನ ಕೈಯನ್ನು ಅಗಲ್ಪಾಡಿಯವರೆಗೆ ಹಿಡಿದುಕೊಂಡೇ ಇದ್ದಳು. ಮನೆಯೊಳಗೆ ಕಾಲಿಟ್ಟವಳು ನೇರವಾಗಿ ಹೋಗಿ, ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಸ್ಕೂಟರಿನ ಕೀಯನ್ನು ತೆಗೆದಳು. ನನ್ನ ಮಾತನ್ನು ಆಕೆ ಸಂಪೂರ್ಣವಾಗಿ ನಂಬಿದ್ದಳು.

ಮರುದಿನ ಮಧ್ಯಾಹ್ನ ರಾಬರ್ಟ್ ಬಂದ, ಬರಿದಲೆಯಲ್ಲಿ, ಆನಂದಭರಿತನಾಗಿ. ಐರಿನ್ ಅವನಿಗೆ ಕೀ ಕೊಡುವ ಮೊದಲೇ ನಾನು ಸ್ಕೂಟರಿನ ಮುಂದೆ ಅಡ್ಡ ನಿಂತೆ. ನನ್ನ ಹೆಲ್ಮೆಟನ್ನು ಅವನ ತಲೆಗೆ ಏರಿಸಿ, ಗದ್ದದ ಪಟ್ಟಿಯನ್ನು ನಾನೇ ಬಿಗಿದೆ.

“ಭಾವಾ, ಎಂತ ಸೆಕೆ ಇದು! ನಮ್ಮ ಮನೆ ಇಲ್ಲೇ ಹತ್ತಿರ ಅಲ್ಲವಾ?”

“ಬೀಳುವುದಕ್ಕೆ ಬಹಳ ದೂರ ಹೋಗಬೇಕಾಗಿಲ್ಲ. ಮೊದಲು ನೀರು ಕುಡಿ.”

ದೊಡ್ಡ ಚೆಂಬಿನ ನೀರನ್ನು ನನ್ನ ಕಣ್ಣೆದುರಿಗೇ ಪೂರ್ತಿ ಕುಡಿಸಿದೆ. ತಲೆ ಹಗುರವೆನಿಸಿದರೆ ನಿಲ್ಲಿಸಬೇಕು, ಬೆವರು ನಿಂತರೆ ನಿಲ್ಲಿಸಬೇಕು, ನಿಲ್ಲಿಸಿದ್ದಕ್ಕೆ ನಾಚಬಾರದು ಎಂದು ಹೇಳಿ, ಹೇಳಿದ್ದನ್ನು ಅವನ ಬಾಯಿಂದ ಮತ್ತೆ ಹೇಳಿಸಿದೆ. ಅವನು ಪಾಠ ಒಪ್ಪಿಸಿ, ಹೊಟ್ಟೆಯೊಳಗೆ ನೀರು ಕುಲುಕಿಸಿಕೊಂಡು, ಅತ್ಯಂತ ಸುರಕ್ಷಿತವಾಗಿ ನನ್ನ ಸ್ಕೂ‌ಟರನ್ನು ಒಯ್ದ. ಗೇಟಿನಿಂದಾಚೆಗೆ ಆ ಸದ್ದು ಕರಗುವವರೆಗೆ ನಾನು ಅಂಗಳದ ನಡುವೆ ನಿಂತೇ ಇದ್ದೆ. ಹಿಂದಿನಿಂದ ಐರಿನ್ ಕರೆದಳು:

“ಅವನಿಗೆ ಹೇಳಿದ್ದು ಸಾಕು. ನೀವು ಬೆಳಗ್ಗೆಯಿಂದ ಒಂದು ಗುಟುಕು ನೀರು ಕುಡಿದಿಲ್ಲ, ತಲೆಯ ಮೇಲೆ ಒಂದು ತುಂಡು ಬಟ್ಟೆಯೂ ಇಲ್ಲ. ಒಳಗೆ ಬನ್ನಿ.”

ಆ ಮಾತಿನಲ್ಲಿ ತಿದ್ದುವಂಥದ್ದು ಏನಾದರೂ ಉಂಟೋ ಎಂದು ಬಿಸಿಲಿನಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಂತು ಹುಡುಕಿದೆ. ಸಿಗಲಿಲ್ಲ. ಒಳಗೆ ಹೋದೆ.